ಉಡುಗೊರೆ ಬೇಡ, ಜಡೆ ತನ್ನಿ

ಮೇಲಿನ ಮನೆಯ ಡ್ರೈವರ್ ಮಗಳಿಗೆ ತಲೆಯಲ್ಲಿ ಕೂದಲಿರಲಿಲ್ಲ. ಹುಬ್ಬೂ ಇರಲಿಲ್ಲ. ಒಂದು ವರ್ಷ ಆಸ್ಪತ್ರೆಗೆ ಅಲೆದು ಕಾಯಿಲೆಯನ್ನು ಓಡಿಸಿಯಾಗಿತ್ತು. ಅದು ಹೋಗುವಾಗ ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಹೋಗಿತ್ತು. ಬರೀ ಔಷಧಿಗೆ ಉದುರಿದ್ದಾದರೆ ಕೆಲವು ತಿಂಗಳಲ್ಲಿ ವಾಪಸ್ ಬರುತ್ತಿತ್ತು. ಆದರೆ ಈ ಹುಡುಗಿಗೆ ತಲೆಗೂ ಕರೆಂಟ್, ಅಂದರೆ ರೇಡಿಯೇಶನ್, ಕೊಟ್ಟಿದ್ದರು. ಹಾಗಾಗಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರ್ ಹೇಳಿ ಮುಗಿಸಿದ್ದರು.

ಮುಂಚೆ ಅವಳ ಹಣೆಯ ಮೇಲೆ ಒಂದು ಹಿಡಿ ಕೂದಲು, ಎಷ್ಟು ನೀರು ಹಾಕಿ ಬಾಚಿದರೂ ಮಾತು ಕೇಳದೆ ಎದ್ದು ನಿಲ್ಲುತ್ತಿತ್ತು. ಅದಕ್ಕೇ ಬೀದಿಯವರೆಲ್ಲ ಅವಳನ್ನು ಜುಟ್ಟಿನ ಹಕ್ಕಿ ಬುಲ್‌ಬುಲ್ ಎಂದು ಕರೆಯುತ್ತಿದ್ದರು. ಈಗ ಜನ ಆ ಹೆಸರನ್ನು ಗಂಟಲಲ್ಲೇ ನುಂಗಿ "ಏನಮ್ಮಾ" ಅನ್ನತೊಡಗಿದ್ದರು. ಹುಡುಗಿಗೆ ಅದೇ ಸಿಟ್ಟು. ಹೋಗಿರುವುದು ಕೂದಲು ತಾನೇ, ಹೆಸರನ್ನು ಯಾಕೆ ಕಿತ್ತುಕೊಳ್ಳುತ್ತೀರಿ ಎಂದು ಒಂದು ದಿನ ಮೆಟ್ಟಿಲ ಮೇಲೆ ನಿಂತು ಜಗಳಕ್ಕೇ ಹೋಗಿದ್ದಳು.

ಆ ಮೆಟ್ಟಿಲ ಕೆಳಗೆ ಮೂರು ಕುರ್ಚಿಯ ಒಂದು ಸಲೂನು. ಸಲೂನಿನ ಹಿಂದಿನ ಎರಡು ಕೋಣೆಯಲ್ಲಿ ಅದರ ಮಾಲೀಕನ ಸಂಸಾರ. ಅವನನ್ನು ಎಲ್ಲರೂ ಮಾಸ್ಟರ್ ಅನ್ನುತ್ತಿದ್ದರು. ಮಾಸ್ಟರ್‌ಗೆ ಒಬ್ಬಳೇ ಮಗಳು, ಶಾಲೆಯಲ್ಲಿ ಬುಲ್‌ಬುಲ್ ಕೂರುವ ಬೆಂಚಿನಲ್ಲೇ ಕೂರುವವಳು. ಮಾತು ಕಲಿತ ದಿನದಿಂದ ವಾದ ಮಾಡುತ್ತ ಬಂದಿದ್ದರಿಂದ ಅವಳಿಗೆ ವಕೀಲಮ್ಮ ಎಂದು ಹೆಸರು ಬಿದ್ದಿತ್ತು. ಅವಳು ಒಂದು ಕೇಸು ಹಿಡಿದಳೆಂದರೆ ತೀರ್ಪು ಬರುವವರೆಗೆ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ.

ಆ ಸಲ ಹಿಡಿದದ್ದು ಹುಟ್ಟುಹಬ್ಬದ ಕೇಸು. ಹೋದ ವರ್ಷ ಅವಳಿಗೆ ಬಂದ ಉಡುಗೊರೆಗಳೆಲ್ಲ ಹೆಚ್ಚುಕಡಿಮೆ ಒಂದೇ: ಪೆನ್ಸಿಲ್ ಡಬ್ಬಿ, ನೀರಿನ ಬಾಟಲಿ, ಮತ್ತೆ ನೀರಿನ ಬಾಟಲಿ. ಇರುವುದು ಒಂದು ಬಾಯಿ, ಅದಕ್ಕೆ ಇಷ್ಟೊಂದು ಬಾಟಲಿ ಯಾಕೆ ಎಂಬುದು ಅವಳ ಮೊದಲ ವಾದ. ಎರಡನೆಯದು ಆಸ್ಪತ್ರೆಯಿಂದ ಬಂದದ್ದು. ಬುಲ್‌ಬುಲ್ ಜೊತೆಗೆಂದು ಹೋದವಳು ಅಲ್ಲಿ ಹಿಂದಿನ ಕಟ್ಟಡದಲ್ಲಿ ಒಂದು ಕೋಣೆ ನೋಡಿಕೊಂಡು ಬಂದಿದ್ದಳು. ಅಲ್ಲಿ ಒಬ್ಬ ಹೆಂಗಸು ಕೂತು ಮಕ್ಕಳ ವಾರ್ಡಿಗೆ ವಿಗ್ ಕಟ್ಟುತ್ತಾಳಂತೆ. ಬೆಲೆ ಇಲ್ಲವಂತೆ. ಆದರೆ ಕೂದಲನ್ನು ಯಾರಾದರೂ ದಾನ ಕೊಡಬೇಕಂತೆ, ಕೊಡುವವರು ಕಡಿಮೆಯಂತೆ, ಮಕ್ಕಳು ಸಾಲಿನಲ್ಲಿ ಕಾಯುತ್ತಿದ್ದಾರಂತೆ. ಕೂದಲು ತಂದವರಿಗೆ ಬೇಗ ಕಟ್ಟಿಕೊಡುತ್ತಾರಂತೆ, ಮಿಕ್ಕಿದ್ದು ಉಳಿದ ಮಕ್ಕಳಿಗೆ ಆಗುತ್ತದಂತೆ.

ಒಂದು ಮಧ್ಯಾಹ್ನ ಮಾಸ್ಟರ್ ಊಟ ಮಾಡಿ ಅಂಗಡಿಗೆ ಬಂದಾಗ ನಡುವಿನ ಕನ್ನಡಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ಹಾಳೆ ಅಂಟಿತ್ತು. "ನನ್ನ ಹುಟ್ಟುಹಬ್ಬಕ್ಕೆ ಉಡುಗೊರೆ ಬೇಡ. ಜಡೆ ತನ್ನಿ. ಒಂದು ಗೇಣಿಗಿಂತ ಉದ್ದ ಇರಬೇಕು. ಇಲ್ಲೇ ಕತ್ತರಿಸಿಕೊಡಲಾಗುವುದು. ಕೇಕ್ ಇದೆ."

ಕತ್ತರಿಸುವವನು ಯಾರು ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಅವನೂ ಹಾಳೆ ಕೀಳಲಿಲ್ಲ. ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತ ಗಿರಾಕಿಗಳು ಅದನ್ನು ಓದಿ ಓದಿ ನಕ್ಕರು. ಪೇಪರ್ ಏಜೆಂಟ್, ತಲೆಯಲ್ಲಿ ನಾಲ್ಕು ಎಳೆ ಉಳಿಸಿಕೊಂಡವನು, ತನ್ನ ಎದೆಯ ಕೂದಲು ನಡೆಯುತ್ತದೆಯೇ ಎಂದು ವಿಚಾರಿಸಿದ. ವಕೀಲಮ್ಮ ಒಳಗಿನಿಂದಲೇ, ಗೇಣುದ್ದ ಇದ್ದರೆ ನಡೆಯುತ್ತೆ ಅಂಕಲ್ ಅಂದಳು.

ಮೆಟ್ಟಿಲ ಮೇಲೆ ಇಬ್ಬರು ಹುಡುಗಿಯರು ಮಾತಾಡಿಕೊಂಡದ್ದು ಮಾಸ್ಟರ್ ಕಿವಿಗೂ ಬಿತ್ತು. ವಕೀಲಮ್ಮ ತಾನೂ ತಲೆ ಬೋಳಿಸಿಕೊಂಡು ಶಾಲೆಗೆ ಬರುವುದಾಗಿ ಹೇಳಿದಳು. ಬುಲ್‌ಬುಲ್ ಒಪ್ಪಲಿಲ್ಲ.

"ನಿನ್ನದು ತೆಗೆದ್ರೆ ನನಗೆ ಬರುತ್ತಾ? ಬೋಳು ಒಂದಿದ್ದದ್ದು ಎರಡಾಗುತ್ತೆ, ಅಷ್ಟೇ."

"ಹಾಗಾದ್ರೆ ಕೇಳು. ಶಾಲೆ ಶುರುವಾಗೋ ದಿನ ನಿನ್ನ ತಲೆ ಮೇಲೆ ಕೂದಲಿರುತ್ತೆ. ಇದು ನನ್ನ ಮಾತು."

"ಟೋಪಿ ಬೇಕಾಗಲ್ವಾ?"

"ಬೇಕಾಗಲ್ಲ."

ಕೆಳಗೆ ಕತ್ತರಿ ಮಸೆಯುತ್ತಿದ್ದ ಮಾಸ್ಟರ್‌ಗೆ ಆ ಮಾತು ತನ್ನ ಕೊರಳಿಗೇ ಬಂದು ಬಿದ್ದ ಹಾಗಾಯಿತು. ಮಗಳು ಕೊಟ್ಟ ಮಾತು, ಆದರೆ ಕತ್ತರಿ ಅವನದು. ರಜೆ ಮುಗಿಯುವುದಕ್ಕೆ ಇನ್ನೂ ಎರಡು ತಿಂಗಳಿತ್ತು. ವಿಗ್ ಕಟ್ಟುವುದಕ್ಕೆ ಒಂದೂವರೆ ತಿಂಗಳು ಬೇಕು. ಲೆಕ್ಕ ಸರಿಯಾಗಿತ್ತು.

ಹುಟ್ಟುಹಬ್ಬ ಎರಡು ವಾರ ಬಿಟ್ಟು ಭಾನುವಾರ ಬಿತ್ತು. ಭಾನುವಾರ ಸಲೂನಿಗೆ ಸುಗ್ಗಿ. ಆದರೂ ಮಾಸ್ಟರ್ ಗಂಡಸರಿಗೆಲ್ಲ ಬಾಗಿಲು ಹಾಕಿದ. ಗಂಡಸರ ಹೇರ್‌ಸ್ಟೈಲ್ ಫೋಟೋಗಳ ಕೆಳಗೆ, ಗಂಡಸರ ಲೋಷನ್ನಿನ ವಾಸನೆಯ ನಡುವೆ, ಆ ಅಂಗಡಿಯ ಹೊಸ್ತಿಲನ್ನು ಯಾವತ್ತೂ ದಾಟದ ಹೆಂಗಸರು ಬಂದು ಕೂತರು. ಕುರ್ಚಿ ಹಿಂದಕ್ಕೆ ವಾಲುತ್ತದೆ ಎಂದು ಗೊತ್ತಿಲ್ಲದ ತರಕಾರಿಯಾಕೆ ಕಾಲು ಮೇಲಾಗಿ, ನಾನು ಬಂದಿರೋದು ಜಡೆ ಕೊಡೋದಕ್ಕೆ, ಹಲ್ಲು ಕೀಳಿಸೋದಕ್ಕಲ್ಲ ಎಂದು ಕೂಗಿದಳು. ಲೆಕ್ಕದ ಟೀಚರ್ ತಮ್ಮ ಬಿಗಿ ಜಡೆ ಬಿಚ್ಚಿ ಕೂತಾಗ, ಅವರಿಗೂ ಕೂದಲು ಅನ್ನೋದು ಇಷ್ಟಿದೆಯಾ ಎಂದು ಹುಡುಗಿಯರು ಕಣ್ಣರಳಿಸಿದರು. ವಕೀಲಮ್ಮ ಎಲ್ಲರಿಗಿಂತ ಮೊದಲು ಕತ್ತರಿಸಿಕೊಂಡಿದ್ದಳು. ಮೋಟು ತಲೆ ಅಲ್ಲಾಡಿಸುತ್ತ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಗೇಣು ಹಾಕಿ ಅಳೆದೇ ಒಳಗೆ ಬಿಡುತ್ತಿದ್ದಳು.

ಮಾಸ್ಟರ್‌ನ ಅತ್ತೆಯ ಜಡೆ ಇಲಿಯ ಬಾಲದಷ್ಟಿತ್ತು, ಪೂರ್ತಿ ಬಿಳಿ. ಇದು ಬೇಡ ಅತ್ತೆ, ಇರಲಿ ಎಂದು ಅವನು ಕೈ ಹಿಂದೆಗೆದುಕೊಂಡ. ಮುದುಕಿ ಬಿಡಲಿಲ್ಲ. "ಯಾಕಪ್ಪಾ, ಬಿಳಿ ಅಂತ ಬೇಡವಾ? ವಾರ್ಡಲ್ಲಿ ಯಾವುದಾದರೂ ಮುದುಕಿ ಇರ್ತಾಳೆ, ಅವಳಿಗೆ ಕೊಡು. ಹುಡುಗಿಯರಿಗೆ ಮಾತ್ರಾನಾ ಚೆಂದ?"

ಆಸ್ಪತ್ರೆಯವರು ಹೇಳಿದ್ದನ್ನು ಮಗಳು ಅವನಿಗೆ ಒಪ್ಪಿಸಿದ್ದಳು: ಜಡೆಯ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಅದಕ್ಕಿಂತ ಮೇಲೆ ಕತ್ತರಿಸಬೇಕು. ಅವನು ಹಾಗೇ ಮಾಡಿದ. ಕೂದಲು ನೆಲಕ್ಕೆ ಚೆಲ್ಲದಿರಲಿ ಎಂದು ಹೇಳಿರಬೇಕು ಅಂದುಕೊಂಡ. ಒಂದೊಂದು ಜಡೆಯೂ ಕೈಗೆ ಬಂದಾಗ ವಿಚಿತ್ರವೆನಿಸುತ್ತಿತ್ತು. ಅವನಿಗೆ ಗೊತ್ತಿದ್ದ ಕೂದಲು ತಲೆಯ ಮೇಲಿನದು. ಸುಳಿ ಎಲ್ಲಿದೆ, ಯಾವ ಕಡೆ ಬಾಗುತ್ತದೆ, ಯಾವ ಕಿವಿಯ ಹಿಂದೆ ದಟ್ಟ, ಇದೆಲ್ಲ ಬೆರಳಿಗೇ ಗೊತ್ತು. ಕತ್ತರಿಯಿಂದ ಕೆಳಗೆ ಬಿದ್ದ ಮೇಲೆ ಅದರ ಜೊತೆ ಅವನಿಗೆ ಪರಿಚಯವೇ ಇರಲಿಲ್ಲ. ಬಿದ್ದದ್ದು ಕಸ. ಪೊರಕೆಯ ಪಾಲು.

ಅವನ ಹೆಂಡತಿ ಕೇಕ್ ಹಂಚುತ್ತಿದ್ದಳು. ಅವಳ ಕೂದಲು ಮೊಣಕಾಲು ಮುಟ್ಟುತ್ತಿತ್ತು. ಬೆರಳಿನಷ್ಟು ದಪ್ಪದ ಜಡೆಗಳ ನಡುವೆ ಮಣಿಕಟ್ಟಿನಷ್ಟು ದಪ್ಪದ ಅದು ಅತ್ತಿಂದಿತ್ತ ಓಡಾಡುವಾಗ ಎಲ್ಲರ ಕಣ್ಣೂ ಅದರ ಹಿಂದೆಯೇ ಹೋಗುತ್ತಿತ್ತು. ಅವಳ ತಂಗಿ ತಡೆಯಲಾರದೆ ಕೇಳಿಬಿಟ್ಟಳು.

"ಅಕ್ಕಾ, ನಾವೆಲ್ಲ ಯಾಕೆ ಬಂದ್ವಿ? ನೀನೊಬ್ಬಳು ಕೂತಿದ್ರೆ ಇಡೀ ವಾರ್ಡಿಗೆ ಆಗ್ತಿತ್ತಲ್ಲ."

ಹೆಂಡತಿ ತಟ್ಟೆ ಕೆಳಗಿಟ್ಟಳು. "ನಾನು ಚೆಂದ ಇಲ್ಲ ಅಂತ ನನಗೆ ಗೊತ್ತು. ನನ್ನ ಹತ್ರ ಚೆಂದ ಅನ್ನೋದು ಇದೊಂದೇ ಇರೋದು. ಇದನ್ನ ಕೇಳಬೇಡ."

ದನಿ ಏರಿರಲಿಲ್ಲ. ಆದರೂ ಮತ್ತೆ ಯಾರೂ ಆ ಮಾತೆತ್ತಲಿಲ್ಲ. ವಕೀಲಮ್ಮ ಕೂಡ ಅಮ್ಮನ ಮೇಲೆ ಕೇಸು ಹಾಕಲಿಲ್ಲ. ಮಾಸ್ಟರ್‌ಗೆ ಒಳಗೊಳಗೇ ಸಮಾಧಾನವಾಯಿತು, ಹಾಗೆ ಆದದ್ದಕ್ಕೆ ನಾಚಿಕೆಯೂ ಆಯಿತು. ಮದುವೆಯಾದಾಗಿನಿಂದ ಅವಳ ಕೂದಲಿಗೆ ಅವನು ಕತ್ತರಿ ಮುಟ್ಟಿಸಿರಲಿಲ್ಲ. ತುದಿ ಸೀಳಿದರೆ ಅವಳೇ ಬಚ್ಚಲಲ್ಲಿ ನಿಂತು ಚೂರು ಕತ್ತರಿಸಿಕೊಳ್ಳುತ್ತಿದ್ದಳು. ನೀವು ಅಂಗಡಿಯಲ್ಲಿ ಮಾಸ್ಟರ್, ಇಲ್ಲಲ್ಲ ಅನ್ನುತ್ತಿದ್ದಳು.

ಸಂಜೆಗೆ ಹದಿನಾರು ಜಡೆ ಟ್ರೇಯಲ್ಲಿ ಸಾಲಾಗಿ ಮಲಗಿದ್ದವು. ಬುಲ್‌ಬುಲ್ ಇಳಿದು ಬಂದು ಒಂದೊಂದನ್ನೂ ಎತ್ತಿ ಕಿವಿಯ ಪಕ್ಕ ಹಿಡಿದು ಕನ್ನಡಿ ನೋಡಿದಳು. ಲೆಕ್ಕದ ಟೀಚರದ್ದು ಬೇಡ, ಅದನ್ನ ಹಾಕಿಕೊಂಡ್ರೆ ಮಗ್ಗಿ ಬಾಯಿಗೆ ಬರುತ್ತೆ ಅಂದಳು. ಎಲ್ಲರೂ ನಕ್ಕರು. ಹುಡುಗಿ ಹೋದ ಮೇಲೆ ಅವಳಪ್ಪ, ಬಸ್ಸಿನ ಡ್ರೈವರ್, ಸುಮ್ಮನೆ ಮಾಸ್ಟರ್‌ನ ಭುಜ ಹಿಡಿದು ಸ್ವಲ್ಪ ಹೊತ್ತು ನಿಂತ. ಬಸ್ಸಿನ ಸ್ಟೀರಿಂಗ್ ಹಿಡಿಯುವ ಬಿಗಿ ಆ ಕೈಯಲ್ಲಿತ್ತು.

ಮರುದಿನ ಸೋಮವಾರ, ಅಂಗಡಿಗೆ ರಜೆ. ಮಾಸ್ಟರ್ ಜಡೆಗಳನ್ನು ಪೇಪರಿನಲ್ಲಿ ಸುತ್ತಿ ಕೊಡೋಣವೆಂದು ಬೆಳಕಿಗೆ ಹಿಡಿದ. ಮೂರನೆಯದೋ ನಾಲ್ಕನೆಯದೋ ಜಡೆಯಲ್ಲಿ, ರಬ್ಬರ್ ಬ್ಯಾಂಡಿನ ಪಕ್ಕದಲ್ಲೇ, ಬಿಳಿ ಚುಕ್ಕೆಗಳು ಕಂಡವು. ಸೀರು, ಹೇನಿನ ಮೊಟ್ಟೆ. ಯಾರೋ ಶಾಲೆಯ ಹುಡುಗಿಯದು.

ಮಾಸ್ಟರ್ ಹೆಮ್ಮೆಪಡುತ್ತಿದ್ದದ್ದು ಒಂದೇ ವಿಷಯಕ್ಕೆ: ಸ್ವಚ್ಛ. ಬ್ಲೇಡನ್ನು ಗಿರಾಕಿಯ ಕಣ್ಣೆದುರೇ ಹೊದಿಕೆ ಹರಿದು ಹಾಕುತ್ತಿದ್ದ. ಟವೆಲ್‌ಗಳನ್ನು ಕುದಿಸುತ್ತಿದ್ದ. ಬಾಚಣಿಗೆ ಸದಾ ಔಷಧಿ ನೀರಿನಲ್ಲಿ ಮುಳುಗಿರಬೇಕು. ಅಂಥವನು ಕಾಯಿಲೆಯಿಂದ ಎದ್ದ ಮಗುವಿನ ತಲೆಗೆ ಹೇನು ಕಳಿಸುವುದೇ? ಹದಿನಾರೂ ಒಂದೇ ಟ್ರೇಯಲ್ಲಿ ರಾತ್ರಿಯಿಡೀ ಮಲಗಿದ್ದವು. ಒಂದರದ್ದು ಎಲ್ಲದಕ್ಕೂ ಹತ್ತಿರಬಹುದು. ಎಣ್ಣೆಯ ಜಿಡ್ಡು ಬೇರೆ. ಬ್ಯಾಂಡ್ ಬಿಚ್ಚದೆ ತೊಳೆದರೆ ಅದರ ಅಡಿಯ ಕೊಳೆ ಹೋಗುವುದಿಲ್ಲ. ಅವನು ಹದಿನಾರು ರಬ್ಬರ್ ಬ್ಯಾಂಡನ್ನೂ ಕತ್ತರಿಸಿ ತೆಗೆದ. ದೊಡ್ಡ ಬಕೆಟ್ಟಿನಲ್ಲಿ ಬಿಸಿನೀರು, ಸೀರಿನ ಔಷಧಿ, ಆಮೇಲೆ ಶಾಂಪೂ, ಆಮೇಲೆ ಮತ್ತೆ ಮೂರು ನೀರು. ಗಿರಾಕಿಯ ತಲೆಗೆ ಕೂಡ ಅವನು ಅಷ್ಟು ಅಕ್ಕರೆಯಿಂದ ಕೈಯಾಡಿಸಿರಲಿಲ್ಲ. ಕುದಿಸಿದ ಟವೆಲ್‌ಗಳನ್ನು ಮೂರು ಕುರ್ಚಿಯ ಮೇಲೂ ಹಾಸಿ ಫ್ಯಾನಿನ ಕೆಳಗೆ ಒಣಗಿಸಿದ. ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಉದ್ದಕ್ಕೆ ತಕ್ಕ ಹಾಗೆ ಜೋಡಿಸಿ, ಹೊಸ ರಿಬ್ಬನ್ ಕಟ್ಟಿದ. ಕಪ್ಪು ರೇಷ್ಮೆಯ ಕಟ್ಟಿನ ಹಾಗೆ ಹೊಳೆಯಿತು. ಹೆಂಡತಿ ನೋಡಿ, ಅಂಗಡಿಯಿಂದ ತಂದ ಹಾಗಿದೆ ರೀ ಅಂದಳು. ಅವನಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ.

ಮಂಗಳವಾರ ಅಪ್ಪ ಮಗಳು ಬಸ್ಸು ಹಿಡಿದು ಆಸ್ಪತ್ರೆಗೆ ಹೋದರು. ವಿಗ್ ಕೋಣೆ ಲಾಂಡ್ರಿಯ ಪಕ್ಕದಲ್ಲಿತ್ತು. ಕಿಟಕಿಯ ಕೆಳಗೆ ಮರದ ತಲೆಗಳ ಸಾಲು, ಒಂದೊಂದಕ್ಕೂ ತೆಳು ಬಲೆ. ವಿಗ್ ಕಟ್ಟುವಾಕೆ ಕೊಕ್ಕೆ ಸೂಜಿಯಿಂದ ಒಂದೆರಡು ಎಳೆಯನ್ನು ಬಲೆಯ ಕಣ್ಣಿಗೆ ಎಳೆದು ಗಂಟು ಹಾಕುತ್ತಿದ್ದಳು. ಕಟ್ಟನ್ನು ನೋಡಿ ಅವಳ ಮುಖ ಅರಳಿತು. ಆಮೇಲೆ ರಿಬ್ಬನ್ ಬಿಚ್ಚಿ, ಒಂದು ಎಳೆಯನ್ನು ಎಳೆದುಕೊಂಡು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದಳು. ಎಳೆ ತಾನಾಗಿ ಮೇಲಕ್ಕೆ ಸರಿಯಿತು. ಇನ್ನೊಂದನ್ನು ಉಜ್ಜಿದಳು. ಅದು ಕೆಳಕ್ಕೆ ಸರಿಯಿತು. ಮತ್ತೊಂದು ಮೇಲಕ್ಕೆ. ಅವಳು ಉಜ್ಜುವುದನ್ನು ನಿಲ್ಲಿಸಿದಳು.

"ಜಡೆಗೆ ಹಾಕಿದ್ದ ಬ್ಯಾಂಡ್ ಬಿಚ್ಚಿದ್ರಾ ಅಣ್ಣಾ?"

"ಸೀರಿತ್ತು. ತೊಳೆದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ಟೂಲು ಎಳೆದು ಅವನನ್ನು ಕೂರಿಸಿ ಸಮಾಧಾನದಿಂದ ವಿವರಿಸಿದಳು. ಕೂದಲಿಗೂ ಮೀನಿನ ಹಾಗೆ ಹುರುಪೆ ಇರುತ್ತೆ, ಕಣ್ಣಿಗೆ ಕಾಣಲ್ಲ. ಬುಡದಿಂದ ತುದಿಗೆ ಸವರಿದರೆ ನಯ, ತುದಿಯಿಂದ ಬುಡಕ್ಕೆ ಸವರಿದರೆ ಮುಳ್ಳು. ಅದಕ್ಕೇ ಉಜ್ಜಿದರೆ ಎಳೆ ಯಾವಾಗಲೂ ಬುಡದ ಕಡೆಗೆ ಸರಿಯುತ್ತದೆ. ತಲೆಯ ಮೇಲೆ ಎಲ್ಲ ಒಂದೇ ದಿಕ್ಕು, ಜಗಳವಿಲ್ಲ. ಬುಡ ಯಾವುದು ತುದಿ ಯಾವುದು ಎಂದು ತಿಳಿಯಲೆಂದೇ ಬ್ಯಾಂಡ್ ಹಾಕಿಸುವುದು. ಈಗ ಇದರಲ್ಲಿ ಅರ್ಧ ಆ ಕಡೆ ತಿರುಗಿದೆ, ಅರ್ಧ ಈ ಕಡೆ. ವಿಗ್ ಕಟ್ಟಬಹುದು, ಚೆಂದವಾಗಿಯೇ ಕಾಣುತ್ತದೆ. ಒಂದು ಸಲ ನೀರು ಬಿದ್ದರೆ ಎಲ್ಲ ಒಂದನ್ನೊಂದು ಕಚ್ಚಿ ಹಿಡಿದು ನಾರಿನ ಉಂಡೆಯಾಗುತ್ತದೆ. ಕತ್ತರಿಸಿಯೇ ತೆಗೆಯಬೇಕು.

"ನಾನು ಮಗುವಿಗೆ ಹೇಳಿದ್ದು ಕಟ್ಟಿ ಕತ್ತರಿಸಿ ಅಂತ. ಬಿಚ್ಚಬೇಡಿ ಅಂತ ಹೇಳಲಿಲ್ಲ. ಯಾರೂ ಬಿಚ್ಚಲ್ಲ ಅಂದುಕೊಂಡಿದ್ದೆ," ಅಂದಳು. ಆಮೇಲೆ ಕಟ್ಟನ್ನು ಮತ್ತೆ ರಿಬ್ಬನ್ನಿನಲ್ಲಿ ಕಟ್ಟುತ್ತ, "ಇಷ್ಟು ಶುದ್ಧವಾಗಿ ತೊಳೆದು ನನಗೆ ಯಾರೂ ಕೊಟ್ಟಿಲ್ಲ ಅಣ್ಣಾ," ಅಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ವಕೀಲಮ್ಮ ಅಳಲಿಲ್ಲ, ವಾದವನ್ನೂ ಮಾಡಲಿಲ್ಲ. ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಮಗಳು ಸುಮ್ಮನಿರುವುದನ್ನು ಮಾಸ್ಟರ್ ಕಂಡವನೇ ಅಲ್ಲ. ಅವಳು ಕೂಗಾಡಿ, ನೀನು ಯಾಕೆ ಬಿಚ್ಚಿದೆ ಅಪ್ಪಾ ಎಂದು ಕೇಳಲಿ ಎಂದು ಕಾದ. ತಮ್ಮ ಸ್ಟಾಪು ಹತ್ತಿರ ಬಂದಾಗ ಅವಳು ಕೇಳಿದ್ದು ಬೇರೆ.

"ಅಪ್ಪಾ, ಬುಲ್‌ಬುಲ್‌ಗೆ ಯಾರು ಹೇಳ್ತಾರೆ?"

"ಈಗಲೇ ಹೇಳಬೇಡ. ಬೇರ್ಪಡಿಸೋಣ. ಆಕೆ ಉಜ್ಜಿ ನೋಡಿದಳಲ್ಲ, ಹಾಗೆ."

ಬೇರ್ಪಡಿಸತೊಡಗಿದರು. ಮಧ್ಯಾಹ್ನ ಅಂಗಡಿಗೆ ಗಿರಾಕಿ ಕಡಿಮೆ. ಆ ಹೊತ್ತಿನಲ್ಲಿ ಮಾಸ್ಟರ್ ನಡುವಿನ ಕುರ್ಚಿಯಲ್ಲಿ ಕೂತು ಒಂದು ಎಳೆ ತೆಗೆಯುತ್ತಿದ್ದ, ಉಜ್ಜುತ್ತಿದ್ದ, ಅದು ಸರಿಯುವ ಕಡೆಗೆ ಬುಡವೆಂದು ತಿಳಿದು ಟವೆಲ್ ಮೇಲೆ ಮಲಗಿಸುತ್ತಿದ್ದ. ಇನ್ನೊಂದು ಎಳೆ. ಇನ್ನೊಂದು. ವಕೀಲಮ್ಮ ಪಕ್ಕದ ಕುರ್ಚಿಯಲ್ಲಿ ಕೂತು ಅದನ್ನೇ ಮಾಡುತ್ತಿದ್ದಳು. ಫ್ಯಾನ್ ಹಾಕುವಂತಿಲ್ಲ, ಹಾಕಿದರೆ ಹಾರುತ್ತದೆ. ಬೆವರಿದ ಬೆರಳಿನಲ್ಲಿ ಎಳೆ ಸರಿಯುವುದಿಲ್ಲ, ಅಂಟಿಕೊಳ್ಳುತ್ತದೆ. ಆಗ ಇಬ್ಬರೂ ಎದ್ದು ಕೈಗೆ ಪೌಡರ್ ಹಚ್ಚಿಕೊಂಡು ಬರುತ್ತಿದ್ದರು. ಹೆಂಡತಿ ಒಂದೆರಡು ದಿನ ಬಾಗಿಲಲ್ಲಿ ನಿಂತು ನೋಡಿದಳು, ಆಮೇಲೆ ಅವಳೂ ಮೂರನೆಯ ಕುರ್ಚಿಯಲ್ಲಿ ಕೂತಳು. ಒಳಗೆ ಬಂದ ಪೇಪರ್ ಏಜೆಂಟ್ ಇವರನ್ನು ನೋಡಿ, ಇಡೀ ಸಂಸಾರಕ್ಕೆ ಏನೋ ಹಿಡಿದಿದೆ ಎಂದುಕೊಂಡು ಗಡ್ಡ ಕೆರೆದುಕೊಳ್ಳುತ್ತಲೇ ವಾಪಸ್ ಹೋದ.

ಒಂದು ವಾರ ಕಳೆಯಿತು. ಬೇರೆಯಾಗಿ ಬಂದದ್ದು ಬೆಂಕಿಕಡ್ಡಿಯಷ್ಟು ದಪ್ಪದ ಒಂದು ಎಸಳು. ಕಟ್ಟು ಇದ್ದ ಹಾಗೆಯೇ ಇತ್ತು.

ಈ ನಡುವೆ ಕೊಟ್ಟವರು ಸುಮ್ಮನಿರಲಿಲ್ಲ. ತರಕಾರಿಯಾಕೆ ದಿನಾ ಬೆಳಿಗ್ಗೆ, ನನ್ನ ಕೂದಲು ಎಲ್ಲಿವರೆಗೆ ಬಂತು ಮಾಸ್ಟರ್ ಎಂದು ಕೇಳಿಯೇ ತಕ್ಕಡಿ ಎತ್ತುತ್ತಿದ್ದಳು. ಬುಲ್‌ಬುಲ್ ದಿನಾ ಸಂಜೆ ಮೆಟ್ಟಿಲಿಳಿದು ಬಂದು ವಕೀಲಮ್ಮನ ಪಕ್ಕ ಕೂರುತ್ತಿದ್ದಳು. ಅವಳು ಬರುವ ಸದ್ದು ಕೇಳಿದ ಕೂಡಲೇ ಮೂವರೂ ಟವೆಲ್ ಮಡಚಿ ಎಳೆಗಳನ್ನು ಮುಚ್ಚಿಡುತ್ತಿದ್ದರು. ಹಾಗೆ ಮುಚ್ಚುವಾಗ ಒಂದು ಸಂಜೆ ಮಗಳ ಕೈಯಿಂದ ಎಳೆಗಳು ನೆಲಕ್ಕೆ ಚೆಲ್ಲಿ, ಅವಳು ಅವುಗಳ ಮೇಲೆ ಕಾಲಿಟ್ಟು ನಿಂತದ್ದನ್ನು ಮಾಸ್ಟರ್ ನೋಡಿದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಕೈ. ಅದಕ್ಕೆ ಅಭ್ಯಾಸ ಮಾಡಿಸುತ್ತಿದ್ದೇನಲ್ಲ ಅನಿಸಿತು.

ಮರುದಿನ ಬೆಳಿಗ್ಗೆ ಅವನು ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಮೇಲಿನ ಮನೆಗೆ ಹೋದ. ಡ್ರೈವರ್ ಡ್ಯೂಟಿಗೆ ಹೋಗಿದ್ದ, ತಾಯಿ ಒಳಗೆ ಬಟ್ಟೆ ಒಗೆಯುತ್ತಿದ್ದಳು. ಬುಲ್‌ಬುಲ್ ಮಂಚದ ಮೇಲೆ ಕೂತು ಕಾಲುಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಅವನು ನೆಲದ ಮೇಲೆ ಕೂತು, ಸುತ್ತಿಬಳಸದೆ, ನಡೆದದ್ದನ್ನೆಲ್ಲ ಹೇಳಿದ. ಸೀರು, ಬಕೆಟ್ಟು, ಹುರುಪೆ, ಬುಡ, ತುದಿ. ವಕೀಲಮ್ಮನ ತಪ್ಪಿಲ್ಲ, ಅವಳು ಹೇಳಿದ ಹಾಗೆ ಕಟ್ಟಿಯೇ ಕತ್ತರಿಸಿದ್ದು, ಕೆಡಿಸಿದವನು ನಾನು ಎಂದು ಹೇಳಿದ.

ಹುಡುಗಿ ಬಣ್ಣದ ಬಾಟಲಿಗೆ ಮುಚ್ಚಳ ಹಾಕಿದಳು. ಕಟ್ಟನ್ನು ಕೊಡು ಎಂದು ಕೈ ಚಾಚಿದಳು. ರಿಬ್ಬನ್ ಬಿಚ್ಚಿ ಎರಡೂ ಕೈಯನ್ನು ಕೂದಲೊಳಗೆ ಮಣಿಕಟ್ಟಿನವರೆಗೆ ಇಳಿಸಿದಳು.

"ಅಜ್ಜಿಯದು ಮಾತ್ರ ಗೊತ್ತಾಗುತ್ತೆ ಮಾಮ. ಬಿಳಿ."

"ಹೂಂ."

"ಸೀರು ಇದ್ರೆ ಇರಲಿ ಅಂತ ಬಿಡಬೇಕಿತ್ತು. ಹೇನು ನನ್ನ ತಲೆಗೆ ಬಂದಿದ್ರೆ ಪಾಪ, ಹಿಡಿದುಕೊಳ್ಳೋಕೆ ಏನೂ ಸಿಗದೆ ಜಾರಿ ಬಿದ್ದು ಸತ್ತು ಹೋಗ್ತಿತ್ತು."

ಹೇಳಿ ತಾನೇ ನಕ್ಕಳು. ಮಾಸ್ಟರ್‌ಗೂ ನಗು ಬಂತು, ಅದರ ಬಾಲ ಹಿಡಿದುಕೊಂಡು ಇನ್ನೇನೋ ಬಂತು. ಅವನು ಮುಖ ತಿರುಗಿಸಿಕೊಂಡ. ಹುಡುಗಿ ಅವನ ತಲೆಯ ಮೇಲೆ ಕೈ ಇಟ್ಟಳು. ಅವಳು ಹುಟ್ಟಿದಾಗಿನಿಂದ ಅವಳ ತಲೆಗೆ ಕೈ ಇಟ್ಟವನು ಅವನು, ಈಗ ಅದು ತಿರುಗುಮುರುಗಾಗಿತ್ತು.

"ಶಾಲೆಗೆ ಟೋಪಿ ಹಾಕಿಕೊಂಡು ಹೋಗ್ತೀನಿ," ಅಂದಳು. ಕಟ್ಟಿಗೆ ಮತ್ತೆ ರಿಬ್ಬನ್ ಸುತ್ತುತ್ತ, "ಟೋಪಿ ಎಳೀತಾರೆ ಮಾಮ. ಹೋದ ಸಲ ಎಳೆದಿದ್ರು. ವಕೀಲಮ್ಮ ಜಗಳ ಆಡಿದ್ಲು, ಆದ್ರೂ ಎಳೆದ್ರು," ಅಂದಳು. ಅದನ್ನು ಹೇಳುವಾಗ ಅವಳು ನಗಲಿಲ್ಲ.

ಅಲ್ಲಿಂದ ಇಳಿದವನು ನೇರವಾಗಿ ತರಕಾರಿ ಅಂಗಡಿಗೆ ಹೋದ, ಆಮೇಲೆ ಲೆಕ್ಕದ ಟೀಚರ್ ಮನೆಗೆ, ಆಮೇಲೆ ಉಳಿದವರಲ್ಲಿಗೆ. ಎಲ್ಲೂ ಕೂರಲಿಲ್ಲ, ನಿಂತೇ ಹೇಳಿದ. ತರಕಾರಿಯಾಕೆ ಬೈದಳು, ಬೈದು ಮುಗಿದ ಮೇಲೆ ಒಂದು ಹಿಡಿ ಹಸಿಮೆಣಸಿನಕಾಯಿ ಅವನ ಜೇಬಿಗೆ ತುರುಕಿದಳು. ಟೀಚರ್ ತಮ್ಮ ಮೋಟು ಕೂದಲು ಮುಟ್ಟಿಕೊಂಡು, ಬೆಳೆಯುತ್ತೆ ಬಿಡಿ, ಆದರೆ ಗೇಣುದ್ದ ಆಗೋದಕ್ಕೆ ಒಂದೂವರೆ ವರ್ಷವಾದರೂ ಬೇಕು ಎಂದು ಅಲ್ಲೇ ಲೆಕ್ಕ ಹಾಕಿ ಹೇಳಿದರು. ಜಡೆ ಕೊಟ್ಟ ಒಬ್ಬ ಹುಡುಗಿಯ ತಾಯಿ ಬಾಗಿಲು ಹಾಕಿಕೊಂಡಳು. ಅತ್ತೆ ಪೂರ್ತಿ ಕೇಳಿಸಿಕೊಂಡು, "ಅವರದೆಲ್ಲ ಮತ್ತೆ ಬರುತ್ತೆ, ತಲೆ ಕೆಡಿಸಿಕೊಳ್ಳಬೇಡ. ನನ್ನದು ಬರಲ್ಲ. ಬರದಿದ್ರೆ ಎಣ್ಣೆ ಉಳೀತು," ಅಂದಳು.

ಮಧ್ಯಾಹ್ನ ಮನೆಗೆ ಬಂದಾಗ ಹೆಂಡತಿ ಅನ್ನ ಬಡಿಸಿದಳು. ಅವನು ತಟ್ಟೆ ಮುಂದೆ ಕೂತು, ಬುಲ್‌ಬುಲ್ ಹೇಳಿದ ಹೇನಿನ ಮಾತನ್ನು ಹೇಳಿದ. ಹೆಂಡತಿ ನಕ್ಕಳು. ಟೋಪಿ ಎಳೆಯುವ ಮಾತನ್ನೂ ಹೇಳಿದ. ಅವಳು ಸಾರಿನ ಪಾತ್ರೆ ಮುಚ್ಚಿಟ್ಟು ಎದ್ದಳು. ಅವನು ಏನೂ ಕೇಳಲಿಲ್ಲ. ಕೇಳಬಾರದೆಂದು ಅವನು ಹುಟ್ಟುಹಬ್ಬದ ದಿನವೇ ತೀರ್ಮಾನಿಸಿದ್ದ. ಈಗ ತನ್ನ ತಪ್ಪಿಗೆ ಅವಳಿಂದ ದಂಡ ಕಟ್ಟಿಸುವುದು ಅದಕ್ಕಿಂತ ದೊಡ್ಡ ತಪ್ಪು ಎಂದು ಗೊತ್ತಿತ್ತು.

ಕೈ ತೊಳೆದು ಅಂಗಡಿಗೆ ಬಂದರೆ ಅವಳು ನಡುವಿನ ಕುರ್ಚಿಯಲ್ಲಿ ಕೂತಿದ್ದಳು. ಜಡೆಯನ್ನು ಕುರ್ಚಿಯ ಬೆನ್ನಿನ ಹಿಂದಕ್ಕೆ ಬಿಟ್ಟಿದ್ದಳು. ಅದು ನೆಲಕ್ಕೆ ತಾಗುತ್ತಿತ್ತು.

"ಶಟರ್ ಎಳೀರಿ," ಅಂದಳು.

ಎಳೆದ.

"ಬೇಡ ಕಣೇ. ಎರಡು ಸಲ ಯೋಚನೆ ಮಾಡು."

"ಒಂದು ವಾರದಿಂದ ಯೋಚನೆ ಮಾಡ್ತಾನೇ ಕೂದಲು ಉಜ್ಜಿದ್ದೀನಿ. ಮನಸ್ಸಿಲ್ಲ. ಈಗಲೂ ಇಲ್ಲ. ಮನಸ್ಸು ಬರಲಿ ಅಂತ ಕಾದರೆ ಬರಲ್ಲ ಅದು." ಕನ್ನಡಿಯಲ್ಲಿ ಅವನನ್ನು ನೋಡಿದಳು. "ನೀವು ಅಳಬಾರದು. ಕೈ ಅಲ್ಲಾಡಿದ್ರೆ ವಕ್ರ ಬರುತ್ತೆ."

ಈ ಸಲ ಅವನು ನಾಲ್ಕು ಕಡೆ ಕಟ್ಟಿದ. ಬುಡದಲ್ಲಿ ಕೆಂಪು ಬ್ಯಾಂಡ್, ಉಳಿದ ಕಡೆ ಕಪ್ಪು. ಕತ್ತರಿಗೆ ಆ ದಪ್ಪ ಒಂದೇ ಹಿಡಿತಕ್ಕೆ ಸಿಗಲಿಲ್ಲ, ಸ್ವಲ್ಪ ಸ್ವಲ್ಪವೇ ಕಡಿಯಬೇಕಾಯಿತು. ಕರಕರ ಸದ್ದು. ಅವಳು ಕಣ್ಣು ಮುಚ್ಚಿದ್ದಳು. ಕೊನೆಯ ಎಳೆ ಬಿಟ್ಟಾಗ ಅವಳ ತಲೆ ತಾನಾಗಿ ಮುಂದಕ್ಕೆ ವಾಲಿತು. ಇಷ್ಟು ವರ್ಷದ ಭಾರಕ್ಕೆ ಪಳಗಿದ ಕುತ್ತಿಗೆಗೆ ಅದು ಹೋದದ್ದು ಗೊತ್ತಾಗುವುದಕ್ಕೆ ಒಂದು ಗಳಿಗೆ ಬೇಕಾಯಿತು. ಆಮೇಲೆ ಅವನು ಉಳಿದ ಕೂದಲನ್ನು ಒದ್ದೆ ಮಾಡಿ, ಹಿಂದೆ ಹಂತ ಹಂತವಾಗಿ ಕತ್ತರಿಸಿ, ಕಿವಿಯ ಹತ್ತಿರ ಬಾಗಿಸಿ, ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಅಲ್ಲಿ ಸುರಿದ. ಕತ್ತಿನ ಹಿಂದೆ ಒಂದು ಮಚ್ಚೆ ಇತ್ತು. ಅಷ್ಟು ವರ್ಷ ಸಂಸಾರ ಮಾಡಿ ಅವನು ಅದನ್ನು ನೋಡಿಯೇ ಇರಲಿಲ್ಲ.

"ಕಣ್ಣು ಬಿಡು."

ಅವಳು ಬಿಟ್ಟಳು. ತುಂಬ ಹೊತ್ತು ನೋಡಿಕೊಂಡಳು. ಚೆಂದ ಇದೆ ಎಂದು ಅವನು ಹೇಳಹೊರಟ. "ಸುಳ್ಳು ಹೇಳಬೇಡಿ," ಎಂದು ಅವಳು ಎದ್ದಳು.

ವಿಗ್ ಕಟ್ಟುವಾಕೆ ಆ ಜಡೆಯನ್ನು ಉಜ್ಜಿ ನೋಡಲೂ ಇಲ್ಲ, ಕೆಂಪು ಬ್ಯಾಂಡ್ ನೋಡಿಯೇ ತಲೆಯಾಡಿಸಿದಳು. ಇಷ್ಟುದ್ದ ಇದ್ದರೆ ಎರಡು ತುಂಡು ಮಾಡಬಹುದು, ಎರಡೂ ಸೇರಿ ಒಂದು ಮಗುವಿಗೆ ಗಿಡ್ಡ ಕೂದಲಿನ ವಿಗ್ ಆಗುತ್ತದೆ, ವಾರ್ಡಿನ ಉಳಿದವರಿಗೆ ಏನೂ ಮಿಗುವುದಿಲ್ಲ ಅಂದಳು. ವಕೀಲಮ್ಮನ ಮಾತು ಉಳಿಯಲಿಲ್ಲ. ವಿಗ್ ಕೈಗೆ ಬಂದದ್ದು ಶಾಲೆ ಶುರುವಾಗಿ ಎರಡು ವಾರದ ಮೇಲೆ. ಆ ಎರಡು ವಾರ ಬುಲ್‌ಬುಲ್ ಟೋಪಿ ಹಾಕಿಕೊಂಡು ಹೋದಳು. ಟೋಪಿಯನ್ನು ಎರಡು ಸಲ ಎಳೆದರು. ಎರಡನೆಯ ಸಲ ಎಳೆದವನ ಅಂಗಿಯ ಗುಂಡಿ ವಕೀಲಮ್ಮನ ಮುಷ್ಟಿಯಲ್ಲಿ ಮನೆಗೆ ಬಂತು. ವಿಗ್ ಬಂದ ಮೇಲೆ ಬುಲ್‌ಬುಲ್ ಅದನ್ನು ಶಾಲೆಗೆ ಹಾಕಿಕೊಂಡು ಹೋಗುತ್ತಾಳೆ, ಮನೆಗೆ ಬಂದ ಕೂಡಲೇ ತುರಿಸುತ್ತದೆ ಎಂದು ತೆಗೆದು ಕಿಟಕಿಯ ಚಿಲಕಕ್ಕೆ ನೇತುಹಾಕುತ್ತಾಳೆ. ಮಾಸ್ಟರ್‌ನ ಹೆಂಡತಿ ಬಟ್ಟೆ ಒಣಹಾಕಲು ಮಹಡಿಗೆ ಹೋಗುವಾಗ ಆ ಕಿಟಕಿಯ ಮುಂದೆ ಸ್ವಲ್ಪ ನಿಲ್ಲುತ್ತಾಳೆ. ಒಂದೊಂದು ದಿನ ಬೆರಳಿನಲ್ಲಿ ಬಾಚಿ ಸರಿಮಾಡಿ ಹೋಗುತ್ತಾಳೆ.

ಹಳೆಯ ಕಟ್ಟನ್ನು ಮಾಸ್ಟರ್ ಕೆಲವು ದಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದ. ಕೊನೆಗೆ ಒಂದು ಸೋಮವಾರ ಅಂಗಡಿಯಲ್ಲಿ ಗುಡಿಸಿದ ಕೂದಲು ತುಂಬುವ ಕಸದ ಚೀಲಕ್ಕೆ ಹಾಕಿದ.

ಕಸಕ್ಕೆ ಹೋದದ್ದು ಹದಿನಾರು ಜಡೆ. ಬುಲ್‌ಬುಲ್ ತಲೆಗೆ ಹೋದದ್ದು ಒಂದು.